ನೂಲಿಗೆ ಒದಗುವ ಎಳೆಗಳೂ ಬೆಳೆಗಾರನ ಎಚ್ಚರಿಕೆಯೂ

ದಾವಣಗೆರೆಯು ಒಂದು ಕಾಲದಲ್ಲಿ ತನ್ನ ಹತ್ತಿಯ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರನ್ನು ಪಡೆದಿದ್ದಿತು. ಆ ಗಿರಣಿಗಳಲ್ಲಿ ಹೆಚ್ಚಿನವು ಕಾಲಕ್ರಮದಲ್ಲಿ ನಿಂತುಹೋದುವು. ಇತ್ತ ಹರಿಹರದ ಎದುರಿಗೆ, ತುಂಗಭದ್ರೆಯ ಆಚೆಯ ದಡದ ಕುಮಾರಪಟ್ಟಣದಲ್ಲಿ, ೧೯೭೦ರ ದಶಕದಿಂದೀಚೆಗೆ ಮರದ ತಿರುಳಿನಿಂದ ವಿಸ್ಕೋಸ್ ಎಂಬ ಎಳೆಯು ತಯಾರಾಗುತ್ತ ಬಂದಿದೆ. ನೂಲುವವನು ಯಾವ ಎಳೆಯನ್ನು ಏತಕ್ಕಾಗಿ ಕೊಳ್ಳುವನೆಂಬುದನ್ನು ಅರಿತಿರುವುದು ಹತ್ತಿಯ ಬೆಳೆಗಾರನಿಗೆ ಹಿತಕರವಾದುದು.

ಹತ್ತಿಯಲ್ಲಿ ಮೊದಲು ನೋಡತಕ್ಕದ್ದು ಎಳೆಯ ಉದ್ದ. ಜಯಧರ ತಳಿಯ ಎಳೆಯು ೨೫ ಮಿಲಿಮೀಟರಿಗಿಂತ ಗಿಡ್ಡವಾದುದು. ಅದರಿಂದ ದಪ್ಪ ನೂಲೇ ಬರುವುದು. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ೧೯೭೨ರಲ್ಲಿ ಹೊರತಂದ ವರಲಕ್ಷ್ಮಿಯೂ, ಅನಂತರ ಬಂದ ಡಿ.ಸಿ.ಎಚ್. ೩೨ ಎಂಬುದೂ ಉದ್ದ ಎಳೆಯ ಮಿಶ್ರತಳಿಗಳು. ನಯವಾದ ಸಣ್ಣ ನೂಲಿಗೆ ಇಂಥವೇ ಬೇಕು. ಉದ್ದ ಎಳೆಗೆ ಗಿಡ್ಡ ಎಳೆಯನ್ನು ಬೆರೆಸಿದರೆ ನೂಲು ಒಂದೇ ಸಮನಾಗಿರದೆ ಪದೇ ಪದೇ ಹರಿಯುವುದು.

ವಿಸ್ಕೋಸಿನ ರೀತಿ ಬೇರೆ. ನೀಲಗಿರಿ ಮೊದಲಾದ ಮರಗಳ ತಿರುಳನ್ನು ಕಾಸ್ಟಿಕ್ ಸೋಡ ಮತ್ತು ಕಾರ್ಬನ್ ಡೈಸಲ್ಫೈಡುಗಳ ಸಹಾಯದಿಂದ ಕರಗಿಸಿ, ಅತಿ ಸೂಕ್ಷ್ಮ ರಂಧ್ರಗಳ ಮೂಲಕ ಆಮ್ಲದೊಳಕ್ಕೆ ಹಾಯಿಸಿದರೆ ಅದು ಎಳೆಯಾಗಿ ಗಟ್ಟಿಗೊಳ್ಳುವುದು. ಹತ್ತಿಯೂ ಇದೂ ಸೆಲ್ಯುಲೋಸ್ ಎಂಬ ಒಂದೇ ವಸ್ತುವಿನಿಂದಾದುವು. ಆದುದರಿಂದಲೇ ಎರಡೂ ಬೆವರನ್ನು ಹೀರುವುವು. ಪಾಲಿಯೆಸ್ಟರ್ ಎಂಬುದಾದರೋ ಕಲ್ಲೆಣ್ಣೆಯಿಂದ ಬಂದುದು. ಬಲವಾದುದು, ಬೇಗ ಸವೆಯದು, ಆದರೆ ನೀರನ್ನು ಹೀರುವುದು ಅತ್ಯಲ್ಪ. ಬಟ್ಟೆಗೆ ಬೇಕಾದ ಗುಣಗಳನ್ನು ನೋಡಿ ಗಿರಣಿಯವರು ಇವುಗಳನ್ನು ಹತ್ತಿಯೊಡನೆ ಬೆರೆಸಿ ನೂಲುವುದುಂಟು. ಕಾರ್ಖಾನೆಯ ಎಳೆಯು ಬೇಕಾದ ಉದ್ದಕ್ಕೆ ಕತ್ತರಿಸಲ್ಪಟ್ಟು, ಕಸವಿಲ್ಲದೆ ಬರುವುದು. ಹತ್ತಿಯು ಅದರೊಡನೆ ಸರಿಸಮನಾಗಿ ನಿಲ್ಲಬೇಕಾದರೆ ಶುದ್ಧವಾಗಿರಲೇಬೇಕು.

ಇಲ್ಲಿಯೇ ಬೆಳೆಗಾರನಿಗೆ ಅರಿವಿಲ್ಲದೆ ನಷ್ಟವಾಗುವುದು. ಗೊಬ್ಬರದ ಹಳೆಯ ಪ್ಲಾಸ್ಟಿಕ್ ಚೀಲದಲ್ಲಿ ಹತ್ತಿಯನ್ನು ತುಂಬಿದರೆ, ಚೀಲದ ಹುರಿಯು ಕಳಚಿ ಅದರಲ್ಲಿ ಸೇರುವುದು. ಜಿನ್ನಿಂಗ್ ಯಂತ್ರದಲ್ಲಿ ಅದು ನೂರಾರು ಚೂರಾಗಿ ಅರಳೆಯಲ್ಲೆಲ್ಲ ಹರಡುವುದು. ಹತ್ತಿಗೆ ಹಾಕುವ ಬಣ್ಣವು ಅದಕ್ಕೆ ಹಿಡಿಯದು. ಹೀಗಾಗಿ ನೂಲಿನಲ್ಲಿ ಕಣ್ಣಿಗೆ ಬೀಳದ ದೋಷವು, ಬಟ್ಟೆಗೆ ಬಣ್ಣ ಹಾಕಿದ ಮೇಲೆ ಬಿಳಿಯ ಗೆರೆಯಾಗಿ ತೋರುವುದು. ಅಂಥ ಬಟ್ಟೆಯು ಕಡಿಮೆ ಬೆಲೆಗೆ ಹೋಗುವುದು. ಸಂಶಯಗೊಂಡ ವ್ಯಾಪಾರಿಯು ಮುಂದಿನ ಸಲ ಆ ಊರಿನ ಹತ್ತಿಗೇ ಬೆಲೆ ಇಳಿಸುವನು. ಒಬ್ಬನ ಚೀಲದ ದೋಷಕ್ಕೆ ಹತ್ತು ಮಂದಿ ತೆರಬೇಕಾಗುವುದು.

ಆದುದರಿಂದ ರೈತರು ಈ ಕ್ರಮಗಳನ್ನು ಅನುಸರಿಸತಕ್ಕದ್ದು:

೧. ಇಬ್ಬನಿ ಆರಿದ ಮೇಲೆ, ಪೂರ್ಣವಾಗಿ ಅರಳಿದ ಕಾಯಿಗಳಿಂದ ಮಾತ್ರ ಹತ್ತಿಯನ್ನು ಬಿಡಿಸುವುದು.

೨. ಬಿಡಿಸುವಾಗಲೂ ತುಂಬುವಾಗಲೂ ಹತ್ತಿಬಟ್ಟೆಯ ಚೀಲವನ್ನೇ ಬಳಸುವುದು. ಬಾಯಿಯನ್ನು ಹತ್ತಿಯ ಹುರಿಯಿಂದಲೇ ಕಟ್ಟುವುದು.

೩. ಒಂದು ತಳಿಯನ್ನು ಇನ್ನೊಂದರೊಡನೆ ಬೆರೆಸದಿರುವುದು. ಮಳೆಗೆ ನೆಂದುದನ್ನೂ ಹುಳು ತಿಂದುದನ್ನೂ ಬೇರೆ ಇಡುವುದು.

೪. ತೂಕಕ್ಕಾಗಿ ನೀರು ಚಿಮುಕಿಸದಿರುವುದು; ಅದರಿಂದ ಅರಳೆಯು ಹಳದಿಗಟ್ಟಿ ಕೆಡುವುದು.

ಹತ್ತಿಯಲ್ಲಿ ಸಿಕ್ಕಿದ ಎಳೆಯ ವಿಚಾರವಾಗಿ ಸಂಶಯವಿದ್ದರೆ, ಅದನ್ನು ರಾಶಿಯಿಂದ ದೂರ ಒಯ್ದು ಸುಟ್ಟು ನೋಡಬಹುದು. ಹತ್ತಿಯು ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುವುದು. ಪ್ಲಾಸ್ಟಿಕ್ಕಿನ ಎಳೆಯು ಕರಗಿ ಗಟ್ಟಿ ಗುಂಡಾಗುವುದು. ಬಟ್ಟೆಯ ಚೀಲಕ್ಕೆ ತಗಲುವ ವೆಚ್ಚವು ಅಲ್ಪವಾದುದು. ಅದು ಕಾಯುವುದು ಇಡೀ ವರ್ಷದ ಬೆಳೆಯನ್ನು.