ವೈಮಾನಿಕ ಇಂದ್ರಲಾಲ್ ರಾಯ್

ರೈಟ್ ಸೋದರರ ಯಂತ್ರ ಮೊದಲ ಸಲ ನೆಲವನ್ನು ಬಿಟ್ಟು ಮೇಲೆದ್ದುದು ೧೯೦೩ರ ಡಿಸೆಂಬರಿನಲ್ಲಿ. ಆ ದಿನದ ಹಾರಾಟಗಳಲ್ಲಿ ಅತ್ಯಂತ ದೀರ್ಘವಾದದ್ದು ಕೂಡ ಪೂರ್ತಿ ಒಂದು ನಿಮಿಷದ್ದಲ್ಲ. ಅಲ್ಲಿಂದ ಹನ್ನೊಂದು ವರ್ಷ ತುಂಬುವುದರೊಳಗೆ ಯೂರೋಪಿನಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ಮನುಷ್ಯ ಹಾರುವುದನ್ನು ಸರಿಯಾಗಿ ಕಲಿಯುವ ಮೊದಲೇ ಹಾರುತ್ತ ಕೊಲ್ಲುವುದನ್ನು ಕಲಿಯಬೇಕಾಯಿತು. ಮೊದಮೊದಲು ವಿಮಾನಗಳು ಶತ್ರುಪಾಳೆಯದ ಚಲನವಲನವನ್ನು ನೋಡಿಬರುವ ಬೇಹುಗಾರರಾಗಿದ್ದವು. ಎದುರಾದ ವೈಮಾನಿಕರು ಪರಸ್ಪರ ಪಿಸ್ತೂಲು ಹಾರಿಸಿಕೊಂಡದ್ದೂ ಉಂಟು. ೧೯೧೫ರಲ್ಲಿ, ಮುಂದೆ ತಿರುಗುತ್ತಿರುವ ಪಂಖದ ಅಲಗುಗಳ ನಡುವಿನ ಸಂದಿಯಿಂದಲೇ ಗುಂಡು ಹೊರಡುವಂತೆ ಮೆಷಿನ್‌ಗನ್ನನ್ನು ಎಂಜಿನ್ನಿಗೆ ಹೊಂದಿಸುವ ಉಪಾಯ ಬಳಕೆಗೆ ಬಂದ ಮೇಲೆ ವಿಮಾನವೇ ಒಂದು ಬಂದೂಕಾಯಿತು. ಕೆಳಗೆ ಕಂದಕಗಳ ಕೆಸರಿನಲ್ಲಿ ಲಕ್ಷಾಂತರ ಜನ ಹೆಸರಿಲ್ಲದೆ ಸಾಯುತ್ತಿದ್ದಾಗ, ಮೇಲೆ ಒಬ್ಬೊಬ್ಬನೇ ಹೋರಾಡುತ್ತಿದ್ದ ವೈಮಾನಿಕನಿಗೆ ಒಂದು ಹೆಸರಿತ್ತು, ಒಂದು ಮುಖವಿತ್ತು. ಪತ್ರಿಕೆಗಳಿಗೆ ಬೇಕಾದದ್ದೂ ಅದೇ.

ಆ ಹೆಸರುಗಳಲ್ಲಿ ಭಾರತೀಯವಾದವು ಬಹು ಕೆಲವು. ಹರ್ದಿತ್ ಸಿಂಗ್ ಮಲಿಕ್, ಶ್ರೀಕೃಷ್ಣ ವೇಲಿಂಕರ್, ಎರೋಲ್ ಸೇನ್, ಇಂದ್ರಲಾಲ್ ರಾಯ್ ಎಂಬ ನಾಲ್ವರು ಬ್ರಿಟನ್ನಿನ ವಾಯುದಳದ ಪೈಲಟ್‌ಗಳಾಗಿ ಫ್ರಾನ್ಸಿನ ಆಕಾಶದಲ್ಲಿ ಯುದ್ಧ ಮಾಡಿದರು. ಅವರಲ್ಲಿ ಕೊನೆಯವನ ವಿಚಾರವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅವನ ಯುದ್ಧಜೀವನದ ಸಾರವೆಲ್ಲ ಹದಿನೇಳು ದಿನಗಳೊಳಗೆ ಮುಗಿಯಿತು. ಆದರೆ ಆ ಹದಿನೇಳು ದಿನಗಳನ್ನು ಪಡೆಯಲು ಅವನು ಪಟ್ಟ ಪಾಡು ನನಗೆ ಅವನ ಪರಾಕ್ರಮಕ್ಕಿಂತ ಹೆಚ್ಚು ಮನನೀಯವಾಗಿ ತೋರುತ್ತದೆ.

ಇಂದ್ರಲಾಲ್ ಹುಟ್ಟಿದ್ದು ೧೮೯೮ರ ಡಿಸೆಂಬರ್ ೨ರಂದು, ಕಲ್ಕತ್ತೆಯಲ್ಲಿ. ಮನೆತನ ಪೂರ್ವ ಬಂಗಾಳದ ಬಾರಿಸಾಲ್ ಜಿಲ್ಲೆಯ ಲಾಖುಟಿಯಾದ ಜಮೀನ್ದಾರರದು. ತಂದೆ ಪ್ಯಾರೇಲಾಲ್ ರಾಯ್ ಬ್ಯಾರಿಸ್ಟರು. ತಾಯಿಯ ತಂದೆ ಸೂರ್ಯಕುಮಾರ ಚಕ್ರವರ್ತಿ ಪಾಶ್ಚಾತ್ಯ ವೈದ್ಯವನ್ನು ಕಲಿತ ಮೊದಲ ಭಾರತೀಯರಲ್ಲಿ ಒಬ್ಬರು. ತಾಯಿಯ ಹೆಸರನ್ನು ಇಂಗ್ಲಿಷ್ ಬರಹಗಳಲ್ಲಿ ‘ಲೋಲಿತಾ’ ಎಂದು ಕಾಣುತ್ತೇವೆ. ಅದು ಬಂಗಾಳಿ ಬಾಯಿಯ ಲಲಿತಾ, ಅಷ್ಟೆ. ಆಕೆ ಮಕ್ಕಳೊಡನೆ ಲಂಡನ್ನಿನಲ್ಲಿ ನೆಲೆಸಿದ್ದರು. ೧೯೧೧ರಲ್ಲಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ಆ ನಗರದಲ್ಲಿ ನಡೆದ ದೊಡ್ಡ ಮೆರವಣಿಗೆಯಲ್ಲಿ ಸೀರೆಯುಟ್ಟು ನಡೆದ ಭಾರತೀಯ ಮಹಿಳೆಯರಲ್ಲಿ ಆಕೆಯೂ ಇದ್ದರು. ಅಣ್ಣ ಪರೇಶ್‌ಲಾಲ್ ಮುಂದೆ ಭಾರತದಲ್ಲಿ ಮುಷ್ಟಿಯುದ್ಧದ ಕ್ರೀಡೆಯನ್ನು ಬೆಳೆಸಿದವರೆಂದು ಪ್ರಸಿದ್ಧರಾದರು. ಅವರೂ ಆ ಯುದ್ಧದಲ್ಲಿ ಸೈನಿಕರಾಗಿದ್ದವರೇ. ಬೇಡವೆಂದರೆ ಸುಮ್ಮನಿರುವ ಮನೆತನವಲ್ಲ ಇದು ಎಂದು ಹೇಳಿದರೆ ಸಾಕು.

ಹುಡುಗ ಓದಿದ್ದು ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ. ಯುದ್ಧ ಆರಂಭವಾದಾಗ ಅವನಿಗೆ ಹದಿನಾರು ತುಂಬಿರಲಿಲ್ಲ. ಶಾಲೆಯಲ್ಲಿದ್ದಾಗಲೇ ಕಂದಕಗಳಿಂದ ಸಿಡಿಸುವ ಗಿಡ್ಡ ಫಿರಂಗಿಯೊಂದರ ನಕ್ಷೆಯನ್ನು ರಚಿಸಿ ಯುದ್ಧ ಇಲಾಖೆಗೆ ಕಳುಹಿಸಿದ್ದ. ವಯಸ್ಸು ಹದಿನೆಂಟಾಗುತ್ತಲೇ ರಾಯಲ್ ಫ್ಲೈಯಿಂಗ್ ಕೋರ್‌ಗೆ ಅರ್ಜಿ ಹಾಕಿದ. ಕಣ್ಣಿನ ದೃಷ್ಟಿ ಸಾಲದು ಎಂಬ ಕಾರಣದಿಂದ ಅರ್ಜಿ ತಿರಸ್ಕೃತವಾಯಿತು.

ಕಣ್ಣಿನ ಪರೀಕ್ಷೆ ಆ ಕಾಲದ ವೈಮಾನಿಕನಿಗೆ ಬರಿಯ ಕಚೇರಿಯ ಶಾಸ್ತ್ರವಾಗಿರಲಿಲ್ಲ ಎಂಬುದನ್ನು ಒಪ್ಪಬೇಕು. ದೂರದ ಶತ್ರುವನ್ನು ತೋರಿಸಿಕೊಡುವ ಯಂತ್ರ ಆಗ ಯಾವುದೂ ಇರಲಿಲ್ಲ. ಸೂರ್ಯನ ಪ್ರಖರತೆಯಲ್ಲಿ, ಮೋಡದ ಅಂಚಿನಲ್ಲಿ, ಸಾಸಿವೆಕಾಳಿನಷ್ಟು ಕಾಣುವ ಚುಕ್ಕೆಯನ್ನು ಮೊದಲು ಕಂಡವನೇ ಬದುಕುತ್ತಿದ್ದ. ಆದರೂ ಆ ತೀರ್ಪನ್ನು ಹುಡುಗ ಅಂತಿಮವೆಂದು ಎಣಿಸಲಿಲ್ಲ. ತನ್ನ ಮೋಟಾರ್ ಸೈಕಲ್ಲನ್ನು ಮಾರಿ, ಆ ಹಣದಿಂದ ಹೆಸರಾಂತ ನೇತ್ರತಜ್ಞರೊಬ್ಬರಲ್ಲಿ ಮತ್ತೆ ಪರೀಕ್ಷೆ ಮಾಡಿಸಿಕೊಂಡ. ತಜ್ಞರು ಕಣ್ಣು ಸರಿಯಿದೆ ಎಂದರು. ಇಲಾಖೆ ತನ್ನ ಮಾತನ್ನು ಹಿಂದಕ್ಕೆ ಪಡೆಯಿತು. ೧೯೧೭ರ ಏಪ್ರಿಲಿನಲ್ಲಿ ಸೇರ್ಪಡೆ. ಜುಲೈ ೫ರಂದು ಸೆಕೆಂಡ್ ಲೆಫ್ಟಿನೆಂಟ್ ಹುದ್ದೆ.

ಈ ಹುದ್ದೆಯ ವಿಷಯದಲ್ಲಿ ಒಂದು ಮಾತು ಅಗತ್ಯ. ಆ ಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಕಡಲು ದಾಟಿಹೋದರು. ಆದರೆ ಭಾರತದ ಭೂಸೇನೆಯಲ್ಲಿ ಅವರಿಗೆ ದೊರೆಯುತ್ತಿದ್ದ ಅತ್ಯುನ್ನತ ಪದವಿಗಳು ಜಮಾದಾರ, ಸುಬೇದಾರ ಮೊದಲಾದವು. ಎಷ್ಟು ವರ್ಷ ಸೇವೆ ಮಾಡಿದ ಸುಬೇದಾರನೂ ನಿನ್ನೆ ಮೊನ್ನೆ ಬಂದ ಇಂಗ್ಲಿಷ್ ತರುಣ ಅಧಿಕಾರಿಯ ಕೈಕೆಳಗಿನವನೇ. ವೈದ್ಯಕೀಯ ಶಾಖೆಯನ್ನು ಬಿಟ್ಟರೆ, ‘ಕಿಂಗ್ಸ್ ಕಮಿಷನ್’ ಎಂಬ ಪೂರ್ಣ ಅಧಿಕಾರಿಯ ಪಟ್ಟ ಭಾರತೀಯರಿಗೆ ಮುಚ್ಚಿದ ಬಾಗಿಲಾಗಿತ್ತು. ಅದನ್ನು ತುಸು ತೆರೆಯುವ ಪ್ರಕಟಣೆ ಹೊರಟದ್ದು ೧೯೧೭ರ ಆಗಸ್ಟಿನಲ್ಲಿ. ವಾಯುದಳದ ಬಾಗಿಲೂ ತಾನಾಗಿ ತೆರೆದುಕೊಳ್ಳಲಿಲ್ಲ. ಆಕ್ಸ್‌ಫರ್ಡಿನಲ್ಲಿ ಓದಿದ್ದ ಮಲಿಕ್ ಅವರು ಅಲ್ಲಿ ಅವಕಾಶ ಸಿಗದೆ ಫ್ರೆಂಚರ ರೆಡ್ ಕ್ರಾಸ್‌ನಲ್ಲಿ ಆಂಬ್ಯುಲೆನ್ಸ್ ಓಡಿಸಿದರು. ಫ್ರೆಂಚರ ವಾಯುದಳಕ್ಕೇ ಸೇರಲು ಸಿದ್ಧರಾದಾಗ ಅವರ ಅಧ್ಯಾಪಕರು ವಾಯುದಳದ ಮುಖ್ಯಸ್ಥರಿಗೆ ಪತ್ರ ಬರೆದರು. ಮಿತ್ರರಾಷ್ಟ್ರವೊಂದು ಸ್ವೀಕರಿಸುವ ಪ್ರಜೆಯನ್ನು ಸ್ವಂತ ಸರ್ಕಾರ ದೂರವಿಡುವುದು ಹೇಗೆ? ಆ ಮುಜುಗರವೇ ಕೆಲಸ ಮಾಡಿತು. ಅವರು ತಮ್ಮ ಪೇಟದ ಮೇಲೆಯೇ ಧರಿಸಬಹುದಾದ ದೊಡ್ಡ ಹಾರಾಟದ ಟೊಪ್ಪಿಗೆಯನ್ನು ಮಾಡಿಸಿಕೊಂಡರಂತೆ.

ಇಂದ್ರಲಾಲ್ ತರಬೇತಿ ಮುಗಿಸಿ ೧೯೧೭ರ ಅಕ್ಟೋಬರ್ ಕೊನೆಯಲ್ಲಿ ೫೬ನೆಯ ಸ್ಕ್ವಾಡ್ರನ್ನಿಗೆ ಬಂದ. ಅದು ಹೆಸರಾಂತ ದಳ, ಎಸ್.ಇ. ೫ ಎಂಬ ಹೊಸ ವಿಮಾನವನ್ನು ಮೊತ್ತಮೊದಲು ಯುದ್ಧಕ್ಕೆ ಒಯ್ದದ್ದು ಅದೇ. ಅದರ ಸುಧಾರಿತ ರೂಪವಾದ ಎಸ್.ಇ. ೫ಎ ಗಂಟೆಗೆ ೨೦೦ ಕಿಲೋಮೀಟರಿಗೂ ಹೆಚ್ಚು ವೇಗದ್ದು, ಒಬ್ಬನೇ ಕೂರುವಂಥದು. ಮರದ ಚೌಕಟ್ಟು, ಅದರ ಮೇಲೆ ಬಿಗಿದು ಮೆರುಗೆಣ್ಣೆ ಬಳಿದ ಬಟ್ಟೆ. ಎರಡು ಮೆಷಿನ್‌ಗನ್ನುಗಳಲ್ಲಿ ಒಂದು ಮೂತಿಯಲ್ಲಿ, ಇನ್ನೊಂದು ಮೇಲಿನ ರೆಕ್ಕೆಯ ನೆತ್ತಿಯಲ್ಲಿ. ಆ ಎರಡನೆಯದರ ಗುಂಡು ಮುಗಿದರೆ, ಬಂದೂಕನ್ನು ಕಂಬಿಯ ಮೇಲೆ ಕೆಳಗೆಳೆದುಕೊಂಡು, ಮೊಣಕಾಲುಗಳ ನಡುವೆ ವಿಮಾನದ ದಂಡವನ್ನು ಅದುಮಿಕೊಂಡು, ಹೆಪ್ಪುಗಟ್ಟಿದ ಬೆರಳುಗಳಿಂದ ಹೊಸ ಡಬ್ಬಿಯನ್ನು ಸಿಕ್ಕಿಸಬೇಕು. ಕೂರುವ ಜಾಗ ಗಾಳಿಗೆ ತೆರೆದದ್ದು. ಪ್ಯಾರಾಚೂಟ್ ಇಲ್ಲ. ೧೯೧೮ರ ನಡುವಿನಿಂದ ಜರ್ಮನರು ತಮ್ಮ ಪೈಲಟ್‌ಗಳಿಗೆ ಅದನ್ನು ಕೊಡತೊಡಗಿದರು. ಬ್ರಿಟನ್ನಿನ ಯುದ್ಧವಿಮಾನದ ಪೈಲಟ್‌ಗಳಿಗೆ ಯುದ್ಧ ಮುಗಿಯುವ ತನಕ ಅದು ದೊರೆಯಲಿಲ್ಲ. ಬೆಂಕಿ ಹೊತ್ತಿದ ವಿಮಾನದಿಂದ ಪಾರಾಗುವ ಮಾರ್ಗ ಅವರಿಗೆ ಇರಲಿಲ್ಲವೆಂದರೆ ಉತ್ಪ್ರೇಕ್ಷೆಯಲ್ಲ.

ಹೊಸಬನ ಮೊದಲ ಅಧ್ಯಾಯ ಯಶಸ್ಸಿನದಲ್ಲ. ಡಿಸೆಂಬರ್ ೬ರಂದು ಅವನ ವಿಮಾನ ಇಳಿಯುವಾಗ ಅಪ್ಪಳಿಸಿತು. ಸತ್ತನೆಂದು ತಿಳಿದು ದೇಹವನ್ನು ಆಸ್ಪತ್ರೆಯ ಶವಾಗಾರದಲ್ಲಿ ಮಲಗಿಸಿದ್ದರು. ಎಚ್ಚರಗೊಂಡ ಅವನು ಕತ್ತಲಲ್ಲಿ ಬಾಗಿಲು ಬಡಿದು, ಶಾಲೆಯಲ್ಲಿ ಕಲಿತ ಫ್ರೆಂಚಿನಲ್ಲಿ ಕೂಗಿದಾಗ ಕಾವಲಿನವನು ಗಡಗಡ ನಡುಗಿ ಬಾಗಿಲು ತೆರೆಯಲೇ ಹಿಂಜರಿದ ಎಂದು ಅವನ ಕತೆ ಹೇಳುವವರೆಲ್ಲ ಹೇಳುತ್ತಾರೆ. ವೀರರ ಸುತ್ತ ಇಂಥ ಕತೆಗಳು ಬೆಳೆಯುವುದು ಸಹಜ. ಗಾಯ ಮಾತ್ರ ದೊಡ್ಡದೇ ಆಗಿತ್ತು. ಅವನನ್ನು ಇಂಗ್ಲೆಂಡಿಗೆ ಮರಳಿಸಿದರು. ಚೇತರಿಸಿಕೊಳ್ಳುತ್ತಿದ್ದ ತಿಂಗಳುಗಳಲ್ಲಿ ಅವನು ವಿಮಾನಗಳ ಚಿತ್ರಗಳನ್ನು ಬರೆಯುತ್ತ ಕುಳಿತ. ಅವುಗಳಲ್ಲಿ ಹಲವು ಇಂದಿಗೂ ಉಳಿದುಬಂದಿವೆ.

ಎರಡನೆಯ ತಿರಸ್ಕಾರ ಬಂದದ್ದು ಈ ಘಟ್ಟದಲ್ಲಿ. ವಿಮಾನ ನಡೆಸಲು ಈತನ ಆರೋಗ್ಯ ತಕ್ಕುದಲ್ಲವೆಂದು ವೈದ್ಯರು ನಿರ್ಣಯಿಸಿದರು. ಸಲಕರಣೆಗಳ ಉಸ್ತುವಾರಿ ನೋಡುವ ಅಧಿಕಾರಿಯ ಕೆಲಸ ಸಿಕ್ಕಿತು. ಮರ್ಯಾದೆಯ ಕೆಲಸ, ಅಪಾಯವಿಲ್ಲದ್ದು. ಒಬ್ಬ ತರುಣ ಒಮ್ಮೆ ಸಾವಿನ ಹೊಸಿಲು ನೋಡಿ ಬಂದ ಮೇಲೆ ಆ ಕುರ್ಚಿಯಲ್ಲಿ ಕುಳಿತು ಯುದ್ಧವನ್ನು ಮುಗಿಸಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಮೊದಲ ಸಲ ಅವನು ಹಟ ಹಿಡಿದದ್ದನ್ನು ಹುಡುಗುಬುದ್ಧಿ ಎನ್ನಬಹುದು. ಈಗ ಹಾಗೆನ್ನಲಾಗದು, ಏನನ್ನು ಕೇಳುತ್ತಿದ್ದೇನೆಂದು ಅವನಿಗೆ ತಿಳಿದಿತ್ತು. ತಿಳಿದೂ ಕೇಳಿದ. ವೈದ್ಯರು ಮತ್ತೆ ಮಣಿದರು. ಅಷ್ಟರಲ್ಲಿ, ೧೯೧೮ರ ಏಪ್ರಿಲ್ ೧ರಂದು, ಅವನು ಸೇರಿದ್ದ ದಳ ನೌಕಾಪಡೆಯ ವಾಯುಶಾಖೆಯೊಡನೆ ಕೂಡಿ ರಾಯಲ್ ಏರ್ ಫೋರ್ಸ್ ಎಂಬ ಸ್ವತಂತ್ರ ಪಡೆಯಾಗಿತ್ತು. ಜೂನ್ ತಿಂಗಳಲ್ಲಿ ಅವನು ೪೦ನೆಯ ಸ್ಕ್ವಾಡ್ರನ್ನಿಗೆ, ಐರ್ಲೆಂಡಿನ ಕ್ಯಾಪ್ಟನ್ ಜಾರ್ಜ್ ಮ್ಯಾಕೆಲ್ರಾಯ್ ಎಂಬಾತನ ಕೈಕೆಳಗೆ ಬಂದ. ಮ್ಯಾಕೆಲ್ರಾಯ್ ನಾಲ್ವತ್ತಕ್ಕೂ ಹೆಚ್ಚು ಗೆಲುವುಗಳ ಅನುಭವಿ.

ಜುಲೈ ೬ರಂದು ದ್ರೋಕೂರ್ ಎಂಬ ಊರಿನ ಮೇಲೆ ಒಂದು ಹಾನೋವರ್ ವಿಮಾನ ಅವನಿಗೆ ಮೊದಲ ಬಲಿಯಾಯಿತು. ಇಬ್ಬರು ಕೂರುವ ಈ ಜರ್ಮನ್ ವಿಮಾನ ಗಾತ್ರದಲ್ಲಿ ಚಿಕ್ಕದು. ಒಬ್ಬನೇ ಇರುವ ವಿಮಾನವೆಂದು ಭ್ರಮಿಸಿ ಹಿಂದಿನಿಂದ ಹತ್ತಿರ ಹೋದವರಿಗೆ ಹಿಂಬದಿಯ ಬಂದೂಕುಗಾರ ಉತ್ತರ ಕೊಡುತ್ತಿದ್ದ. ಎಂಟನೆಯ ತಾರೀಖು ನಾಲ್ಕು ಗಂಟೆಗಳ ಅವಧಿಯಲ್ಲಿ ಮೂರು. ಹದಿಮೂರರಂದು ಎರಡು, ಹದಿನೈದರಂದು ಎರಡು. ಈ ಕೊನೆಯ ಎರಡೂ ಫೋಕರ್ ಡಿ-೭ ಜಾತಿಯವು. ಯುದ್ಧವಿರಾಮದ ಕರಾರಿನಲ್ಲಿ ಹೆಸರು ಹೇಳಿ ಒಪ್ಪಿಸಿಕೊಳ್ಳಬೇಕಾದಷ್ಟು ವೈರಿಗಳು ಅಂಜಿದ್ದ ವಿಮಾನ ಅದು. ಹದಿನೆಂಟರಂದು ಒಂದು, ಹತ್ತೊಂಬತ್ತರಂದು ಮತ್ತೊಂದು. ಅಲ್ಲಿಗೆ ಹತ್ತಾಯಿತು.

ಈ ಲೆಕ್ಕವನ್ನು ಕುರಿತು ಓದುಗರು ಸ್ವಲ್ಪ ಎಚ್ಚರದಿಂದಿರುವುದು ಒಳ್ಳೆಯದು. ನುಚ್ಚುನೂರಾದ ವಿಮಾನವಷ್ಟೇ ಅಲ್ಲ, ಹತೋಟಿ ತಪ್ಪಿ ಕೆಳಗಿಳಿದಂತೆ ಕಂಡದ್ದೂ ಬ್ರಿಟಿಷರ ಪಟ್ಟಿಯಲ್ಲಿ ‘ಗೆಲುವು’. ಇಬ್ಬರು ಸೇರಿ ಉರುಳಿಸಿದ್ದು ಇಬ್ಬರ ಖಾತೆಗೂ ಸೇರುತ್ತಿತ್ತು. ಇಂದ್ರಲಾಲನ ಹತ್ತರಲ್ಲಿ ಎರಡು ಅಂಥವು. ಅವನಿಗೆ ಸಂದ ಪದಕದ ಪ್ರಶಸ್ತಿವಾಕ್ಯ ಹದಿಮೂರು ದಿನಗಳಲ್ಲಿ ಒಂಬತ್ತು ಎನ್ನುತ್ತದೆ. ಒಂಬತ್ತೋ ಹತ್ತೋ, ಒಟ್ಟು ಸುಮಾರು ೧೭೦ ಗಂಟೆಗಳಷ್ಟೇ ಹಾರಿದ್ದವನ ಪಾಲಿಗೆ ಅದು ಅಸಾಧಾರಣವೇ ಸರಿ. ಐದು ಗೆದ್ದವನನ್ನು ‘ಏಸ್’ ಎಂದು ಕರೆಯುವ ವಾಡಿಕೆಯಂತೆ ಅವನು ಎರಡು ಸಲ ಏಸ್. ಆದರೆ ಆ ಎಣಿಕೆಯ ಪ್ರತಿಯೊಂದು ಅಂಕಿಯ ಹಿಂದೆಯೂ ಒಬ್ಬನೋ ಇಬ್ಬರೋ ಅವನದೇ ವಯಸ್ಸಿನ ತರುಣರು ಕುಳಿತಿದ್ದರು ಎಂಬುದನ್ನು ಅಂಕಿಗಳು ಹೇಳುವುದಿಲ್ಲ.

ಜುಲೈ ೨೨ರಂದು ಕಾರ್ವಾಂ ಎಂಬಲ್ಲಿ ಫೋಕರ್‌ಗಳ ಗುಂಪಿನೊಡನೆ ಕದನ ನಡೆಯಿತು. ಇಂದ್ರಲಾಲನ ವಿಮಾನ ಉರಿಯುತ್ತ ಕೆಳಗೆ ಬಿತ್ತು. ಆಗ ಅವನಿಗೆ ಹತ್ತೊಂಬತ್ತು ವರ್ಷ, ಏಳು ತಿಂಗಳು, ಇಪ್ಪತ್ತು ದಿನ. ನಾಲ್ಕು ದಿನದ ಬಳಿಕ, ಅದೇ ಸ್ಕ್ವಾಡ್ರನ್ನಿನಲ್ಲಿ ಹಿಂದೆ ಇದ್ದು ಮ್ಯಾಕೆಲ್ರಾಯ್‌ನನ್ನು ತಿದ್ದಿದ್ದ ಪ್ರಖ್ಯಾತ ವೈಮಾನಿಕ ಮ್ಯಾನಕ್ ಸತ್ತ. ಜುಲೈ ೩೧ರಂದು ಮ್ಯಾಕೆಲ್ರಾಯ್ ಕೂಡ. ಗುರು, ಗುರುವಿನ ಗುರು, ಶಿಷ್ಯ, ಹೀಗೆ ಮೂರು ತಲೆಮಾರು ಹತ್ತು ದಿನಗಳಲ್ಲಿ ಅಳಿಯಿತು. ಆ ಆಕಾಶದಲ್ಲಿ ತಲೆಮಾರೆಂದರೆ ಕೆಲವು ತಿಂಗಳುಗಳಷ್ಟೆ.

ಸೆಪ್ಟೆಂಬರಿನಲ್ಲಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಮರಣೋತ್ತರವಾಗಿ ಪ್ರಕಟವಾಯಿತು. ಅದನ್ನು ಪಡೆದ ಮೊದಲ ಭಾರತೀಯ ಅವನು. ಉಳಿದ ಮೂವರಲ್ಲಿ ವೇಲಿಂಕರ್ ಆ ಜೂನ್‌ನಲ್ಲಿಯೇ ಮಡಿದಿದ್ದರು. ಸೇನ್ ಶತ್ರುಗಳ ಸೆರೆಯಲ್ಲಿದ್ದರು. ಮಲಿಕ್ ಕಾಲಿನಲ್ಲಿ ಎರಡು ಗುಂಡುಗಳನ್ನು ಹೊತ್ತುಕೊಂಡೇ ಬದುಕಿದರು, ಸ್ವತಂತ್ರ ಭಾರತದ ರಾಯಭಾರಿಯಾಗಿ ಫ್ರಾನ್ಸಿಗೇ ಹೋದರು.

ಅವನು ಹೋರಾಡಿದ್ದು ಯಾರಿಗಾಗಿ ಎಂಬ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಏಳದೆ ಇರದು. ಅವನು ಸತ್ತು ಒಂಬತ್ತು ತಿಂಗಳೂ ಆಗುವ ಮೊದಲೇ ಜಲಿಯನ್‌ವಾಲಾ ಬಾಗ್ ನಡೆಯಿತು. ಸಾಮ್ರಾಜ್ಯದ ಸೇವಕನೆಂದು ಅವನನ್ನು ಬದಿಗೆ ಸರಿಸುವುದು ಸುಲಭ. ರಾಷ್ಟ್ರವೀರನೆಂದು ಹೂಮಾಲೆ ಹಾಕುವುದು ಇನ್ನೂ ಸುಲಭ. ಎರಡೂ ಅವನ ಅಳತೆಗೆ ಹೊಂದುವ ಅಂಗಿಗಳಲ್ಲ. ಲಂಡನ್ನಿನಲ್ಲಿ ಬೆಳೆದ ಆ ಹುಡುಗನಿಗೆ ಯುದ್ಧ ತನ್ನ ಸಹಪಾಠಿಗಳ ಯುದ್ಧವಾಗಿತ್ತು, ವಿಮಾನ ತನ್ನ ಮೋಹವಾಗಿತ್ತು. ಅವನು ಬೇಡಿದ್ದು ಜೊತೆಯವರು ಸಾಯುವಲ್ಲಿ ಸಾಯುವ ಸಮಾನತೆಯನ್ನು. ಅದು ಅವನಿಗೆ ದಕ್ಕಿತು. ಯುದ್ಧ ಮುಗಿದ ಮೇಲೆ ಆ ವಾಯುಪಡೆಯ ಅಧಿಕಾರಿ ಹುದ್ದೆಗಳು ಮತ್ತೆ ಯೂರೋಪಿಯನ್ ವಂಶಜರಿಗಷ್ಟೇ ಮೀಸಲಾದುದನ್ನು ನೋಡಿದರೆ, ದಕ್ಕಿದ್ದು ಎಷ್ಟು ಇಕ್ಕಟ್ಟಿನ ಕಾಲದ ಕೊಡುಗೆ ಎಂಬುದು ತಿಳಿಯುತ್ತದೆ.

ಉತ್ತರ ಫ್ರಾನ್ಸಿನ ಎಸ್ತೆವೆಲ್ ಎಂಬ ಹಳ್ಳಿಯ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಕಲ್ಲಿನ ಮೇಲೆ ಬಂಗಾಳಿ ಲಿಪಿಯಲ್ಲಿ, ಇದು ಮಹಾವೀರನ ಸಮಾಧಿ, ಗೌರವ ತೋರಿ, ಮುಟ್ಟಬೇಡಿ ಎಂಬರ್ಥದ ಮಾತುಗಳಿವೆ. ಕಲ್ಕತ್ತೆಯ ಭವಾನಿಪುರದಲ್ಲಿ ಒಂದು ರಸ್ತೆಗೆ ಅವನ ಹೆಸರಿಟ್ಟಿದ್ದಾರೆ. ೧೯೯೮ರಲ್ಲಿ, ಹುಟ್ಟಿ ನೂರು ವರ್ಷ ತುಂಬಿದಾಗ, ಅಂಚೆ ಇಲಾಖೆ ಒಂದು ಚೀಟಿಯನ್ನು ಹೊರಡಿಸಿತು.

ಅವನು ಸತ್ತಾಗ ಅವನ ಬಂಧು ಸುಬ್ರತೋ ಏಳು ವರ್ಷದ ಹುಡುಗ. ಆತ ೧೯೩೦ರಲ್ಲಿ ಇಂಗ್ಲೆಂಡಿನ ಕ್ರಾನ್‌ವೆಲ್ ವಾಯುಪಡೆ ಕಾಲೇಜಿಗೆ ಹೋದ ಮೊದಲ ಭಾರತೀಯ ತಂಡದಲ್ಲಿದ್ದರು. ೧೯೩೨ರ ಅಕ್ಟೋಬರಿನಲ್ಲಿ ಭಾರತೀಯ ವಾಯುಪಡೆ ಹುಟ್ಟಿತು. ಅದರ ಮೊದಲ ಸ್ಕ್ವಾಡ್ರನ್ ೧೯೩೩ರ ಏಪ್ರಿಲ್ ೧ರಂದು ನಾಲ್ಕೇ ವಿಮಾನಗಳೊಡನೆ ಕರಾಚಿಯಲ್ಲಿ ಕೆಲಸ ಆರಂಭಿಸಿದಾಗ ಅದರ ಪೈಲಟ್‌ಗಳಲ್ಲಿ ಅವರೊಬ್ಬರು. ೧೯೫೪ರಲ್ಲಿ, ಮತ್ತೊಂದು ಏಪ್ರಿಲ್ ೧ರಂದು, ಸುಬ್ರತೋ ಮುಖರ್ಜಿಯವರು ಆ ಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು.