ಮೈಸೂರು ಏರಿಯಾ, ಸೀಡೆಡ್ ಏರಿಯಾ, ನಡುವೆ ನಂಗಲಿ

“ಇನ್ನು ನಾಲ್ಕು ವಾರ ತಡಕೊಂಡ್ರೆ ಫೋನಿಗೇ ಬರತ್ತಲ್ಲಪ್ಪಾ, ಈಗ್ಯಾಕೆ ಹೋಗೋದು?”

2025ರ ಅಕ್ಟೋಬರ್ ಮೊದಲ ವಾರ ಮಗ ಹೀಗೆ ಕೇಳಿದ. ‘ಕಾಂತಾರ: ಚಾಪ್ಟರ್ 1’ ಎರಡನೇ ತಾರೀಖು ತೆರೆಗೆ ಬಂದಿತ್ತು. ಅವನ ಲೆಕ್ಕ ತಪ್ಪಲಿಲ್ಲ. ಅದೇ ತಿಂಗಳ 31ಕ್ಕೆ ಅಮೆಜಾನ್ ಪ್ರೈಮ್‌ನಲ್ಲಿ ಅದು ಬಂದೂ ಬಿಟ್ಟಿತು. ಕನ್ನಡದಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ, ಮಲಯಾಳದಲ್ಲಿ. ಅವನಿಗೆ ಆಗ ಏನು ಉತ್ತರ ಕೊಟ್ಟೆ ಎಂಬುದು ನೆನಪಿಲ್ಲ. ಬಸ್ಸು ಹತ್ತಿಸಿದ್ದಂತೂ ನಿಜ.

ನಮ್ಮದು ನಂಗಲಿ ಪಕ್ಕದ ಹಳ್ಳಿ. ಮುಳಬಾಗಿಲು ದಾಟಿ ಹೆದ್ದಾರಿಯಲ್ಲಿ ಮೂಡಲಿಗೆ ಬಂದರೆ ಕರ್ನಾಟಕ ಮುಗಿಯುವ ಜಾಗ. ಬೆಂಗಳೂರಿನವರಿಗೆ ನಂಗಲಿ ಎಂದರೆ ತಿರುಪತಿ ದಾರಿಯ ಚೆಕ್‌ಪೋಸ್ಟು. ಶಾಸನ ಓದಿದವರಿಗೆ ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ ತಲಕಾಡು, ಕೊಂಗುಗಳ ಜತೆ ಬರುವ ಹೆಸರು, ಅವನ ರಾಜ್ಯದ ಮೂಡಣ ಎಲ್ಲೆ. ಸಿನಿಮಾ ಹಂಚಿಕೆದಾರರಿಗೂ ಇದು ಎಲ್ಲೆಯೇ. ಅವರ ನಕ್ಷೆಯಲ್ಲಿ ನಾವಿರುವುದು ‘ಮೈಸೂರು ಏರಿಯಾ’ದಲ್ಲಿ. ನಾಲ್ಕು ಹೆಜ್ಜೆ ಆಚೆ ಇಟ್ಟರೆ ‘ಸೀಡೆಡ್’.

ಈ ಸೀಡೆಡ್ ಎಂಬ ಮಾತಿನ ಕತೆ ಸ್ವಾರಸ್ಯವಾಗಿದೆ. 1800ರಲ್ಲಿ ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಗೆ ಇಂಗ್ಲಿಷರು ಇಟ್ಟ ಹೆಸರು ಅದು. ಕಂಪನಿ ಹೋಯಿತು, ನಿಜಾಮ ಹೋದ, ಮದ್ರಾಸ್ ಪ್ರಾಂತ್ಯ ಹೋಯಿತು. ತೆಲುಗು ಸಿನಿಮಾ ವ್ಯಾಪಾರದಲ್ಲಿ ಮಾತ್ರ ರಾಯಲಸೀಮೆಗೆ ಇವತ್ತಿಗೂ ಸೀಡೆಡ್ ಎಂದೇ ಹೆಸರು. ಚಿತ್ತೂರು ಜಿಲ್ಲೆ ಹುಟ್ಟಿದ್ದೇ 1911ರಲ್ಲಿ, ಅದನ್ನೂ ಹಂಚಿಕೆದಾರರು ಆ ಗಂಟಿಗೇ ಸೇರಿಸಿಕೊಂಡರು. ನಮ್ಮ ಕಡೆಯೂ ಇದೇ ಹಣೆಬರಹ. 1956ರಲ್ಲಿ ರಾಜ್ಯ ಒಂದಾದರೂ, 1973ರಲ್ಲಿ ಹೆಸರು ಕರ್ನಾಟಕವಾದರೂ, ಹಿಂದಿ ಚಿತ್ರಗಳ ಹಂಚಿಕೆಯಲ್ಲಿ ಬೀದರ್, ಕಲಬುರಗಿ, ರಾಯಚೂರು ‘ನಿಜಾಮ್’ಗೆ, ಬೆಳಗಾವಿ, ಧಾರವಾಡ ‘ಬಾಂಬೆ’ಗೆ ಸೇರಿಯೇ ಉಳಿದವು. ಏಕೀಕರಣಕ್ಕೆ ಜಗ್ಗದೆ ನಿಂತದ್ದು ಯಾವುದಾದರೂ ಇದ್ದರೆ ಅದು ಗಾಂಧಿನಗರದ ಲೆಕ್ಕದ ಪುಸ್ತಕ.

ನಮ್ಮ ಊರುಗಳಲ್ಲಿ ಮನೆಯೊಳಗೆ ತೆಲುಗು, ಸ್ಕೂಲಿನಲ್ಲಿ ಕನ್ನಡ. ಅಜ್ಜಿಯನ್ನು ಕರೆಯುವುದು ಅವ್ವ ಅಂತ, ಅಜ್ಜನನ್ನು ತಾತ ಅಂತ. ಸಿನಿಮಾ ಯಾವ ಭಾಷೆಯದು ಎನ್ನುವುದು ಯಾವ ದಿಕ್ಕಿನ ಬಸ್ಸು ಮೊದಲು ಬಂತು ಎನ್ನುವುದರ ಮೇಲೆ ನಿಂತಿತ್ತು ಎಂದರೆ ಸ್ವಲ್ಪ ಉತ್ಪ್ರೇಕ್ಷೆ, ತೀರಾ ಸುಳ್ಳಲ್ಲ. ಪಡುವಲಿಗೆ ಮುಳಬಾಗಿಲು, ಮೂಡಲಿಗೆ ಪಲಮನೇರು. ಕನ್ನಡ ಸಿನಿಮಾ ಹುಟ್ಟಿದ್ದೂ ಇಂಥ ಬೆರಕೆಯಲ್ಲೇ. 1934ರ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ನಿರ್ದೇಶಕ ವೈ.ವಿ. ರಾವ್ ನೆಲ್ಲೂರಿನವರು, ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತಲ್ಲ, ಆ ಕಣ್ಣಪ್ಪ ಶಿವನಿಗೆ ಕಣ್ಣು ಕಿತ್ತುಕೊಟ್ಟ ಶ್ರೀಕಾಳಹಸ್ತಿ ನಮ್ಮಿಂದ ಮೂಡಲಿಗೇ ಇದೆ. ಅದೇ ವರ್ಷ, ಅದೇ ಎಚ್.ಎಲ್.ಎನ್. ಸಿಂಹ ಅದೇ ಕತೆಯನ್ನು ‘ಕಾಳಹಸ್ತಿ ಮಹಾತ್ಮ್ಯಂ’ ಎಂದು ತೆಲುಗಿನಲ್ಲೂ ತೆಗೆದರು. ರಾಜ್‌ಕುಮಾರ್ ನಾಯಕರಾಗಿ ನಟಿಸಿದ ಒಂದೇ ತೆಲುಗು ಚಿತ್ರ ಅದು. ನಮ್ಮ ತಾತನಿಗೆ ಎರಡೂ ಕಲಸಿಹೋಗಿ, ಯಾವುದನ್ನು ನೋಡಿದ್ದೆ ಎಂಬುದನ್ನು ಸಾಯುವವರೆಗೂ ಖಚಿತವಾಗಿ ಹೇಳಲಾಗಲಿಲ್ಲ.

ನಾನು ಕಣ್ಣು ಬಿಡುವ ಹೊತ್ತಿಗೆ ಟೆಂಟಿನ ಕಾಲ. ಬೇಸಾಯದ ಕೆಲಸ ಮುಗಿದ ಮೇಲೆ, ಜಾತ್ರೆಗಳ ಸುತ್ತಮುತ್ತ ಡೇರೆ ಏಳುತ್ತಿತ್ತು. ಶಿವರಾತ್ರಿಗೆ ಆವನಿಯಲ್ಲಿ ದನಗಳ ಜಾತ್ರೆ. ಎತ್ತು ಮಾರಲು ಹೋದವರು ರಾತ್ರಿ ಎಲ್ಲಿರುತ್ತಾರೆ ಎಂದು ಯಾರೂ ಕೇಳುತ್ತಿರಲಿಲ್ಲ. ಟೂರಿಂಗ್ ಟಾಕೀಸಿಗೆ ಸಿಗುತ್ತಿದ್ದದ್ದು ತಾತ್ಕಾಲಿಕ ಲೈಸೆನ್ಸು. ಅವಧಿ ಮುಗಿದರೆ ಗೂಟ ಕಿತ್ತು, ಬಟ್ಟೆ ಮಡಿಚಿ, ಮಷೀನು ಲಾರಿಗೆ ಹಾಕಿಕೊಂಡು ಮುಂದಿನ ಊರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಂಬದ ಮೇಲಿನ ಸ್ಪೀಕರಿನಲ್ಲಿ ಹಾಡು ಶುರು. ಘಂಟಸಾಲ ಹಾಡಿದ ವೆಂಕಟೇಶನ ಭಕ್ತಿಗೀತೆ ಬಂತೆಂದರೆ ಟಿಕೆಟು ಕೊಡುತ್ತಿದ್ದಾರೆ ಎಂದರ್ಥ. ಮೈಲಿ ದೂರದ ಹಳ್ಳಿಗಳಲ್ಲೂ ಆ ಹಾಡು ಕೇಳಿದ ಮೇಲೆಯೇ ಸಾರಿಗೆ ಒಗ್ಗರಣೆ ಹಾಕಿ, ಉಂಡು, ಹೊರಡುತ್ತಿದ್ದರು.

ನೆಲ, ಬೆಂಚಿ, ಕುರ್ಚಿ. ನೆಲದಲ್ಲಿ ಗಂಡಸರ ಕಡೆ ಒಂದು, ಹೆಂಗಸರ ಕಡೆ ಒಂದು, ನಡುವೆ ಮೊಣಕಾಲೆತ್ತರದ ಗೋಡೆ. ನೆಲದವರೇ ಜಾಣರು, ಮುಂದೆ ಕೂತವನ ತಲೆ ಅಡ್ಡ ಬಂದರೆ ಮರಳು ಗುಡ್ಡೆ ಮಾಡಿಕೊಂಡು ಸಿಂಹಾಸನ ಕಟ್ಟಿಕೊಳ್ಳುತ್ತಿದ್ದರು. ಮಷೀನು ಒಂದೇ. 35 ಎಂಎಂ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ, ಸಾವಿರ ಅಡಿಯ ರೀಲಿಗೆ ಹನ್ನೊಂದು ನಿಮಿಷ. ರೀಲು ಮುಗಿದಾಗ ಲೈಟು, ಬೀಡಿ ಹೊಗೆ, ಕಳ್ಳೆಕಾಯಿ, ಗೋಲಿ ಸೋಡಾ. ಬೆಳಕು ಬರುತ್ತಿದ್ದುದು ಎರಡು ಕಾರ್ಬನ್ ಕಡ್ಡಿಗಳ ನಡುವೆ ಹೊತ್ತುವ ಕಿಡಿಯಿಂದ. ಕಡ್ಡಿ ಸವೆದಂತೆ ಆಪರೇಟರು ಕೈಯಲ್ಲಿ ತಿರುಗಿಸಿ ಹತ್ತಿರ ತರಬೇಕು. ಅವನು ಚಹಾಕ್ಕೆ ಹೋದರೆ ನಾಯಕಿಯ ಮುಖ ಕಪ್ಪಾಗುತ್ತಿತ್ತು, ಆಗ ಇಡೀ ಟೆಂಟು ಅವನ ವಂಶದ ಹೆಸರು ಹಿಡಿದು ಕೂಗುತ್ತಿತ್ತು. ಕರೆಂಟು ಹೋದರೆ ಹೊರಗಿನ ಆಯಿಲ್ ಎಂಜಿನ್ನು.

ಇದನ್ನೆಲ್ಲ ಹೇಳುವಾಗ ಬಾಯಿ ಸಿಹಿಯಾಗುತ್ತದೆ, ಅದಕ್ಕೇ ಹುಷಾರಾಗಿರಬೇಕು. ಸೊಳ್ಳೆ, ತಿಗಣೆ ಇದ್ದವು. ಮಳೆ ಬಂದರೆ ಸಿನಿಮಾ ಅರ್ಧಕ್ಕೇ ನಿಲ್ಲುತ್ತಿತ್ತು. ಹೆಂಗಸರಿಗೆ ಬೇಲಿ ಮರೆಯೇ ಗತಿ, ಆಮೇಲೆ ಕಟ್ಟಿದ ಪಕ್ಕಾ ಥಿಯೇಟರುಗಳಲ್ಲೂ ಅದು ಹೆಚ್ಚೇನೂ ಸುಧಾರಿಸಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಒಂದು ಥಿಯೇಟರಿಗೆ ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನದಿಂದ ಅವಳು ನೀರು ಕುಡಿದಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಮನೆಯಲ್ಲಿ ಸಿನಿಮಾ ನೋಡುವುದೇ ಸುಖ ಎಂದು ಅವಳು ಅಂದರೆ ನಾನು ವಾದಕ್ಕೆ ಇಳಿಯುವುದಿಲ್ಲ.

ಆದರೆ ಮನೆಯ ಸಿನಿಮಾ ಮೊದಲು ಬಂದಾಗ ಅದೂ ಮನೆಯೊಳಗಿನದಾಗಿರಲಿಲ್ಲ. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾಯಿತು. ನಮ್ಮ ಕಡೆ ಗಳುವಿನ ತುದಿಗೆ ಆಂಟೆನಾ ಕಟ್ಟಿ, ಒಬ್ಬ ಮೇಲೆ ತಿರುಗಿಸುತ್ತ, ಒಬ್ಬ ಕೆಳಗಿನಿಂದ “ಬಂತು ಬಂತು, ಹೋಯ್ತು” ಎನ್ನುತ್ತ ಕನ್ನಡ ಸಿನಿಮಾ ಹಿಡಿಯುತ್ತಿದ್ದರು. ಟಿ.ವಿ. ಇದ್ದ ಮನೆ ಒಂದು, ಪಡಸಾಲೆಯಲ್ಲಿ ಅರ್ಧ ಊರು. ಆಮೇಲೆ ವಿಸಿಪಿ ಬಂತು. ಒಂದು ರಾತ್ರಿಗೆ ಕಲರ್ ಟಿ.ವಿ. ಸಮೇತ ಬಾಡಿಗೆಗೆ ತಂದು, ಚಂದಾ ಎತ್ತಿ, ಬಯಲಲ್ಲಿ ಮೂರು ಸಿನಿಮಾ. ಮೂರನೆಯದು ಮುಗಿಯುವಾಗ ಡೇರಿಗೆ ಹಾಲು ಹಾಕುವ ಹೊತ್ತಾಗಿರುತ್ತಿತ್ತು. ಕೆಚ್ಚಲಿಗೆ ಕೈ ಹಾಕಿಕೊಂಡೇ ನಿದ್ದೆ ಮಾಡಿದವರನ್ನು ಕಂಡಿದ್ದೇನೆ.

ಟೆಂಟು ಬಡವಾದದ್ದು ಆಗಲೇ. ಅದಕ್ಕೆ ಕೊನೆಯ ಪೆಟ್ಟು ಬಿದ್ದದ್ದು ಡಿಜಿಟಲ್ ಬಂದಾಗ. ಮುಂಚೆ ಪ್ರಿಂಟು ಬೆಂಗಳೂರಿನ ‘ಎ’ ಸೆಂಟರಿನಲ್ಲಿ ಓಡಿ, ‘ಬಿ’ ಸೆಂಟರಿನಲ್ಲಿ ಸವೆದು, ಮಳೆ ಗೆರೆ ಹೊತ್ತುಕೊಂಡು ‘ಸಿ’ ಸೆಂಟರಿಗೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಟೆಂಟು ಬದುಕಿದ್ದದ್ದು ಆ ಸವೆದ ಪ್ರಿಂಟಿನ ಮೇಲೆ. ಉಪಗ್ರಹದ ಮೂಲಕ ಸಿನಿಮಾ ಒಂದೇ ದಿನ ಎಲ್ಲ ಕಡೆ ಇಳಿಯತೊಡಗಿದ ಮೇಲೆ ಹಳೆಯ ರೀಲಿಗೆ ಬೆಲೆಯಿಲ್ಲ, ಹೊಸ ಪ್ರೊಜೆಕ್ಟರಿಗೆ ಡೇರೆಯವನ ಹತ್ತಿರ ದುಡ್ಡಿಲ್ಲ.

ಇದರ ನಡುವೆ ಒಂದು ಹತ್ತು ವರ್ಷ ನಮ್ಮ ಹೆಂಗಸರು ಥಿಯೇಟರಿಗೆ ಮುಗಿಬಿದ್ದರು, ಕಾರಣ ಸೌಂದರ್ಯ. ಮುಳಬಾಗಿಲು ಸೀಮೆಯ ಹುಡುಗಿ, 1992ರಲ್ಲಿ ಕನ್ನಡದ ‘ಗಂಧರ್ವ’ದಲ್ಲಿ ಬಂದವಳು, ನೋಡನೋಡುತ್ತ ತೆಲುಗಿನವರ ಮನೆಮಗಳಾದಳು. ‘ಅಮ್ಮೋರು’ 1995ರಲ್ಲಿ ಬಂದಾಗ ನಮ್ಮೂರಿಂದ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋದರು, ಟ್ರೈಲರ್ ತುಂಬ ಹೆಂಗಸರು, ಮಡಿಲಲ್ಲಿ ಮಕ್ಕಳು. “ಮನ ಪಿಲ್ಲ” (ನಮ್ಮ ಹುಡುಗಿ) ಎಂದು ಅವ್ವ ತೆರೆಗೇ ಕೈ ತೋರಿಸುತ್ತಿದ್ದಳು, ನೆಂಟಸ್ತಿಕೆ ಇದ್ದವಳ ಹಾಗೆ. ಸೌಂದರ್ಯ ತಾವೇ ನಿರ್ಮಿಸಿ ನಟಿಸಿದ ‘ದ್ವೀಪ’ಕ್ಕೆ, ಗಿರೀಶ ಕಾಸರವಳ್ಳಿಯವರ ಚಿತ್ರ ಅದು, ರಾಷ್ಟ್ರಪ್ರಶಸ್ತಿ ಬಂತು. ಅವ್ವ ಅದನ್ನು ನೋಡಲಿಲ್ಲ, ಅದು ನಮ್ಮ ಕಡೆ ಬರಲೇ ಇಲ್ಲ. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಬಿದ್ದು ಅವರು ತೀರಿಕೊಂಡರು. ‘ಆಪ್ತಮಿತ್ರ’ ತೆರೆಗೆ ಬಂದದ್ದು ನಾಲ್ಕು ತಿಂಗಳ ಮೇಲೆ. ಅವ್ವ ಥಿಯೇಟರಿನಲ್ಲಿ ನೋಡಿದ ಕೊನೆಯ ಸಿನಿಮಾ ಅದು. ಅಷ್ಟು ಹೊತ್ತಿಗೆ ಉದಯ, ಜೆಮಿನಿ, ಈಟಿವಿಗಳ ಧಾರಾವಾಹಿಗಳು ಮ್ಯಾಟಿನಿಯ ಹೆಂಗಸರನ್ನು ಮನೆಗೆ ವಾಪಸು ಕರೆದುಕೊಂಡಿದ್ದವು.

ಮುಂದಿನದು ಎಲ್ಲರಿಗೂ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಪುಕ್ಕಟೆಯಾಯಿತು. 2020ರ ಮಾರ್ಚಿನಲ್ಲಿ ಕೊರೊನಾಕ್ಕೆ ಥಿಯೇಟರುಗಳಿಗೆ ಬೀಗ ಬಿತ್ತು. ಜುಲೈ 17ಕ್ಕೆ ‘ಲಾ’, ವಾರ ಕಳೆದು ‘ಫ್ರೆಂಚ್ ಬಿರಿಯಾನಿ’, ಥಿಯೇಟರಿನ ಮುಖ ನೋಡದೆ ನೇರ ಪ್ರೈಮ್‌ಗೆ ಹೋದವು. ಮರುವರ್ಷ ಏಪ್ರಿಲ್ 1ಕ್ಕೆ ಬಂದ ‘ಯುವರತ್ನ’ ಒಂಬತ್ತನೇ ತಾರೀಖಿಗೆಲ್ಲ ಮನೆಯಲ್ಲಿತ್ತು.

ಅದೇ ಏಪ್ರಿಲಿನಲ್ಲಿ ಗಡಿಯಾಚೆ ತಮಾಷೆ ನಡೆಯಿತು. ಆಂಧ್ರ ಸರ್ಕಾರ ಜಿ.ಒ. 35 ಹೊರಡಿಸಿ, ಗ್ರಾಮ ಪಂಚಾಯಿತಿ ವ್ಯಾಪ್ತಿಯ ಏಸಿ ಇಲ್ಲದ ಥಿಯೇಟರಿಗೆ 5, 10, 15 ರೂಪಾಯಿ ಎಂದು ದರ ಕಟ್ಟಿತು. ಚಹಾಕ್ಕಿಂತ ಸಿನಿಮಾ ಅಗ್ಗ. ಆಚೆಯ ಥಿಯೇಟರಿನವರು ತಲೆ ಮೇಲೆ ಕೈ ಹೊತ್ತರು, ಎಷ್ಟೋ ಕಡೆ ಬಾಗಿಲು ಹಾಕಿದರು. 2022ರ ಮಾರ್ಚಿನಲ್ಲಿ ಆ ದರ ಪರಿಷ್ಕಾರವಾಯಿತು. ಈಚೆ ನಮ್ಮ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದು ಎಂದು ನಿಯಮ ಮಾಡಿದರೆ, ಹದಿನೈದು ದಿನ ತುಂಬುವ ಮೊದಲೇ ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ಈಚೆಯ ಈ ಜಗಳ ಮಲ್ಟಿಪ್ಲೆಕ್ಸಿನದು. ನಮ್ಮ ಸಣ್ಣ ಊರುಗಳ ಥಿಯೇಟರಿಗೆ ಟಿಕೆಟಿನ ಬೆಲೆಗಿಂತ ಬರುವ ಜನರ ಚಿಂತೆ ದೊಡ್ಡದು. ವಡ್ಡಹಳ್ಳಿ ಮಾರುಕಟ್ಟೆಯಲ್ಲಿ ಟೊಮೆಟೊಗೆ ಬೆಲೆ ಸಿಕ್ಕ ವಾರ ಹುಡುಗರು ಬೈಕಿನಲ್ಲಿ ಮೂರು ಮೂರು ಜನ ಹೋಗುತ್ತಾರೆ. ರಸ್ತೆಗೆ ಸುರಿದ ವಾರ ಸ್ಟಾರ್ ಸಿನಿಮಾಕ್ಕೂ ಕುರ್ಚಿ ಖಾಲಿ.

ಹಾಗಾದರೆ ಥಿಯೇಟರಿಗೆ ಹೋಗುವುದರಲ್ಲಿ ಇನ್ನೂ ಸುಖ ಇದೆಯೆ? ವರ್ಷಕ್ಕೆ ಮೂರು ಸಲ ಇದೆ ಎನ್ನುವುದು ನನ್ನ ಲೆಕ್ಕ. ‘ಕೆಜಿಎಫ್’ಗೆ ಹೋದದ್ದು ಸರಿಯಾಗಿತ್ತು. ನಮ್ಮ ಜಿಲ್ಲೆಯ ಸಯನೈಡ್ ದಿಬ್ಬದ ಮೇಲೆಯೇ ಅದರ ಚಿತ್ರೀಕರಣವಾಗಿತ್ತು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಯಾರೂ ತಿರುಗಿ ನೋಡದ ಆ ಬೂದುಬಣ್ಣದ ಗುಡ್ಡೆ ನಲವತ್ತು ಅಡಿ ತೆರೆಯ ಮೇಲೆ ಬಂದಾಗ, ಗಣಿಯಲ್ಲಿ ಅಪ್ಪ ಕೆಲಸ ಮಾಡಿದ್ದ ಗೆಳೆಯನೊಬ್ಬ ಪಕ್ಕದಲ್ಲಿ ಕೂತು “ಹಿಂಗಿರ್ಲಿಲ್ಲಪ್ಪಾ, ಹಿಂಗಿರ್ಲಿಲ್ಲ” ಎಂದು ಕೊನೆಯವರೆಗೂ ತಕರಾರು ಮಾಡಿದ. ಅವನ ತಕರಾರಿಲ್ಲದೆ ಆ ಸಿನಿಮಾ ನನಗೆ ನೆನಪೇ ಬರುವುದಿಲ್ಲ. ‘ಸು ಫ್ರಮ್ ಸೋ’ 2025ರ ಜುಲೈನಲ್ಲಿ ಬಂದಾಗಲೂ ಅಷ್ಟೆ, ಹಿಂದಿನ ಸಾಲಿನವನ ನಗು ತಡೆಯಲಾಗದೆ ನಾವು ನಕ್ಕಿದ್ದು ಅರ್ಧ. ಅದೇ ಚಿತ್ರವನ್ನು ಸೆಪ್ಟೆಂಬರಿನಲ್ಲಿ ಮನೆಯಲ್ಲಿ ಹಾಕಿದಾಗ ಎರಡು ಸಲ ಫೋನ್ ಬಂತು, ಒಂದು ಸಲ ಹಸು ಕೂಗಿತು. ಬಾಕಿ ಚಿತ್ರಗಳಿಗೆ ಮನೆಯೇ ಸಾಕು. ಮೊಬೈಲು ಬೆಳಗಿಸಿಕೊಂಡು ಮಾತಾಡುವ ಪಕ್ಕದವನನ್ನು ಸಹಿಸಲು ದುಡ್ಡು ಕೊಟ್ಟು ಯಾಕೆ ಹೋಗಬೇಕು?

ಮನೆಯ ಸಿನಿಮಾ ಒಂದು ಕೆಲಸ ಮಾಡಿದೆ, ಅದನ್ನು ಒಪ್ಪಲೇಬೇಕು. ಮೈಸೂರು, ಸೀಡೆಡ್ ಎಂಬ ಗೆರೆಯನ್ನು ಅಳಿಸಿದೆ. ಫೋನಿಗೆ ನಾನು ಯಾವ ಏರಿಯಾದವನು ಎನ್ನುವುದು ಬೇಕಿಲ್ಲ. ‘ಪುಷ್ಪ’ದಲ್ಲಿ ಅಲ್ಲು ಅರ್ಜುನ್ ಆಡುವ ಚಿತ್ತೂರು ತೆಲುಗು ನಮ್ಮ ಅಂಗಳದ ಮಾತು, ನನ್ನ ಮಗ ಅದನ್ನು ಕನ್ನಡಕ್ಕೆ ತಿರುಗಿಸಿ ನೋಡುತ್ತಾನೆ, ಅವನ ಅಮ್ಮ ಬೈದು ತೆಲುಗಿಗೆ ತಿರುಗಿಸುತ್ತಾಳೆ.

ಅಕ್ಟೋಬರಿನ ಆ ದಿನ ಮುಳಬಾಗಿಲವರೆಗೆ ಬಸ್ಸಿನಲ್ಲಿ ಹೋದೆವು. ಹೆಂಡತಿಗೆ ‘ಶಕ್ತಿ’ ಯೋಜನೆಯ ಪುಕ್ಕಟೆ ಟಿಕೆಟು, ನನಗೂ ಮಗನಿಗೂ ದುಡ್ಡಿನದು. ಅಲ್ಲಿಂದ ಕೋಲಾರದ ದಿಕ್ಕಿನ ಇನ್ನೊಂದು ಬಸ್ಸು. ಸಿನಿಮಾ ಬಿಟ್ಟಾಗ ರಾತ್ರಿಯಾಗಿತ್ತು. ವಾಪಸಾಗುವಾಗ ಮುಳಬಾಗಿಲಿನಲ್ಲಿ ದೋಸೆ ತಿಂದು, ಕೊನೆಯ ಬಸ್ಸು ಹೋಗಿಬಿಟ್ಟಿತ್ತು ಎಂದು ತಿಳಿದು, ಪಲಮನೇರಿನ ಕಡೆ ಖಾಲಿ ಕ್ರೇಟು ಹೇರಿಕೊಂಡು ಹೊರಟ ಟೊಮೆಟೊ ಗಾಡಿ ಹತ್ತಿದೆವು. ಕೈಯಲ್ಲಿ ಕ್ರೇಟು ಹಿಡಿದುಕೊಂಡು ಮಗ ದೈವದ ಕೂಗನ್ನು ಅನುಕರಿಸುತ್ತ ಇದ್ದ. ಡ್ರೈವರು ಹಿಂದಕ್ಕೆ ತಿರುಗಿ ತೆಲುಗಿನಲ್ಲಿ ಕೇಳಿದ, ಆಟ ಹೆಂಗಿದೆ ಅಂತ.

ನವೆಂಬರಿನಲ್ಲಿ ಒಂದು ಸಂಜೆ ನೋಡುತ್ತೇನೆ, ಮಗ ಅವ್ವನ ಮಂಚದ ಹತ್ತಿರ ಫೋನು ಹಿಡಿದು ಕೂತಿದ್ದಾನೆ. ಅವ್ವನಿಗೆ ತೊಂಬತ್ತು ದಾಟಿದೆ, ಕಣ್ಣು ಮಂಜು. ತೆಲುಗಿನಲ್ಲಿ ‘ಕಾಂತಾರ’ದ ಕ್ಲೈಮ್ಯಾಕ್ಸು ನಡೆಯುತ್ತಿತ್ತು. ಕೊನೆಯವರೆಗೂ ನೋಡಿ, ಅವ್ವ ಕೇಳಿದಳು:

“ಜನ ಎಲ್ಲೋ? ಒಬ್ರೂ ಕೂಗ್ತಾನೇ ಇಲ್ವಲ್ಲ.”