ಕುರಿಗಳ ಹಿರೇಬೇನೆ: ಕಾವಲುಗಾರನನ್ನೇ ಹಿಡಿಯುವ ರೋಗ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಕುರಿ. ಶೇಂಗಾ, ಜೋಳ ಒಣಗಿದರೂ ಇಪ್ಪತ್ತು ಬಳ್ಳಾರಿ ಕುರಿ ಉಳ್ಳವನು ಸಾಲಗಾರನ ಮುಂದೆ ತಲೆ ಎತ್ತಿ ನಿಲ್ಲಬಲ್ಲ. ಅಂಥ ಹಿಂಡಿನಲ್ಲಿ ಒಂದು ಬೆಳಿಗ್ಗೆ ನಾಲ್ಕಾರು ಕುರಿಗಳು ಮೇವು ಬಿಟ್ಟು, ಮೂಗಿನಲ್ಲಿ ಸಿಂಬಳ ಸುರಿಸುತ್ತ ನಿಂತರೆ, 'ಹವೆ ಬದಲಾಯಿತು, ನೆಗಡಿ' ಎಂದು ಸುಮ್ಮನಿರುವುದೇ ಹೆಚ್ಚು. ವಾರದಲ್ಲಿ ಅರ್ಧ ಹಿಂಡು ಮಲಗಿದ ಮೇಲೆ ಆಸ್ಪತ್ರೆಯ ದಾರಿ ನೆನಪಾಗುತ್ತದೆ.

ಇದು ಹಿರೇಬೇನೆ ಇರಬಹುದು. ಪಶುವೈದ್ಯರು ಪಿ.ಪಿ.ಆರ್. ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನ ಕುರಿಗಳಲ್ಲಿ. ಹಿಂದೆ ದನಗಳನ್ನು ಗುಡಿಸಿಹಾಕುತ್ತಿದ್ದ, 2011ರಲ್ಲಿ ಜಗತ್ತಿನಿಂದಲೇ ತೊಲಗಿತೆಂದು ಸಾರಲಾದ ದೊಡ್ಡರೋಗದ ದಾಯಾದಿ ಇದು. ಮಕ್ಕಳ ದಡಾರವೂ ಅದೇ ಮನೆತನದ್ದು. ಆದರೆ ಹಿರೇಬೇನೆ ಮನುಷ್ಯರಿಗೆ ತಗಲುವುದಿಲ್ಲ.

ರೋಗದ ಕುರಿ ಸೀನಿದಾಗ ವೈರಾಣು ಹೊರಬರುತ್ತದೆ, ಪಕ್ಕದ ಕುರಿ ಅದನ್ನು ಉಸಿರಾಡುತ್ತದೆ. ಮೂಗು, ಗಂಟಲು, ಪುಪ್ಪುಸಗಳಲ್ಲಿ ಕಾವಲು ಕಣಗಳಿವೆ. ಒಳಬಂದ ಕಸವನ್ನೂ ರೋಗಾಣುವನ್ನೂ ನುಂಗಿ, ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಉಳಿದ ಬಿಳಿ ರಕ್ತಕಣಗಳಿಗೆ ತೋರಿಸುವುದು ಅವುಗಳ ಕೆಲಸ. ತಳವಾರ ಕಳ್ಳನನ್ನು ಚಾವಡಿಗೆ ಎಳೆತಂದಂತೆ. ಹಿರೇಬೇನೆಯ ವೈರಾಣುವಿಗೆ ಬೇಕಾದದ್ದೂ ಅದೇ! ಬಿಳಿ ಕಣಗಳ ಮೈಮೇಲಿನ ಒಂದು ಕೊಂಡಿಯನ್ನು ಹಿಡಿದು ಒಳಹೊಕ್ಕು, ಚಾವಡಿಯಲ್ಲೇ ಸಂಸಾರ ಹೂಡುತ್ತದೆ. ನಾಲ್ಕಾರು ದಿನ ಕುರಿ ಆರೋಗ್ಯವಾಗಿಯೇ ಕಾಣುತ್ತದೆ. ಅಷ್ಟರಲ್ಲಿ ವೈರಾಣು ರಕ್ತದ ಮೂಲಕ ಬಾಯಿ, ಪುಪ್ಪುಸ, ಕರುಳುಗಳ ಒಳಪದರಕ್ಕೆ ಹರಡಿರುತ್ತದೆ. ಆಗ 104ರಿಂದ 106 ಡಿಗ್ರಿ ಜ್ವರ, ಕಣ್ಣಿನಲ್ಲಿ ಪಿಸರು, ಬಾಯಿಹುಣ್ಣು, ನಾರುವ ಉಸಿರು, ಭೇದಿ.

ಈ ಹೊತ್ತಿಗೆ ರಕ್ತದಲ್ಲಿ ಬಿಳಿ ಕಣಗಳು ತೀರ ಕಡಿಮೆಯಾಗಿರುತ್ತವೆ. ಕಾವಲಿಲ್ಲದ ಊರಿಗೆ ಬೇರೆ ಕಳ್ಳರೂ ನುಗ್ಗುತ್ತಾರೆ. ಗಂಟಲಲ್ಲಿ ತೆಪ್ಪಗಿದ್ದ ಪಾಶ್ಚುರೆಲ್ಲಾ ಜಾತಿಯ ಬ್ಯಾಕ್ಟೀರಿಯಾ ಪುಪ್ಪುಸಕ್ಕಿಳಿದು ನ್ಯುಮೋನಿಯಾ ತರುತ್ತವೆ. ಬಹಳ ಕುರಿಗಳನ್ನು ಕೊಲ್ಲುವುದು ಈ ಎರಡನೆಯ ಪೆಟ್ಟು. ವೈದ್ಯರ ಆಂಟಿಬಯಾಟಿಕ್ ಸೂಜಿ ಈ ಎರಡನೆಯದಕ್ಕೆ ಮಾತ್ರ, ವೈರಾಣುವಿಗೆ ಅದು ನಾಟುವುದಿಲ್ಲ. 'ಸೂಜಿ ಹಾಕಿದರೂ ಸತ್ತಿತು' ಎಂದು ವೈದ್ಯರನ್ನು ದೂರುವ ಮೊದಲು ಇದನ್ನು ತಿಳಿದಿರಬೇಕು.

ಬದುಕುಳಿದ ಕುರಿಗೆ ಈ ಬೇನೆ ಮತ್ತೆ ಬಾರದು. ಕೆಲವು ಬಿಳಿ ಕಣಗಳು ಶತ್ರುವಿನ ಗುರುತನ್ನು ಮರೆಯದೆ ಇಟ್ಟುಕೊಳ್ಳುತ್ತವೆ. ಬೇನೆಯಿಲ್ಲದೆ ಆ ನೆನಪನ್ನು ಕೊಡುವುದೇ ಲಸಿಕೆ. ಹಿಮಾಚಲದ ಸುಂಗ್ರಿಯಲ್ಲಿ 1996ರಲ್ಲಿ ಸಿಕ್ಕ ವೈರಾಣುವನ್ನು ಮುಕ್ತೇಶ್ವರದ ವಿಜ್ಞಾನಿಗಳು ಪಳಗಿಸಿ ಇದನ್ನು ತಯಾರಿಸಿದರು. ಬೆಂಗಳೂರಿನ ಹೆಬ್ಬಾಳದ ಸಂಸ್ಥೆಯಲ್ಲೂ ಇದು ತಯಾರಾಗುತ್ತದೆ. ಚರ್ಮದಡಿ 1 ಮಿ.ಲೀ. ಸಾಕು, ಮೂರು ವರ್ಷವಾದರೂ ರಕ್ಷಣೆ ಉಂಟು. ಆದರೆ ಇದು ಜೀವಂತ ಲಸಿಕೆ. ಮಂಜುಗಡ್ಡೆಯಲ್ಲಿಯೇ ತರಬೇಕು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಬಿಸಿಲಲ್ಲಿ ಜೇಬಿನಲ್ಲಿಟ್ಟು ತಿರುಗಿದ ಸೀಸೆ ಬರೀ ನೀರು.

'ಹೋದ ವರ್ಷ ಹಾಕಿಸಿದ್ದೆವಲ್ಲ' ಎಂಬ ಮಾತಿನಲ್ಲೇ ಮೋಸವಿದೆ. ಆಮೇಲೆ ಹುಟ್ಟಿದ ಮರಿಗಳಿಗೆ ಆ ನೆನಪು ಎಲ್ಲಿಂದ ಬರಬೇಕು? ತಾಯಿಯ ಗಿಣ್ಣುಹಾಲು ಮೂರು ನಾಲ್ಕು ತಿಂಗಳು ಕಾಯುತ್ತದೆ, ಆದರೆ ಆ ಅವಧಿಯಲ್ಲಿ ಲಸಿಕೆಯನ್ನೂ ಅದು ನಾಟಗೊಡುವುದಿಲ್ಲ. ಆದ್ದರಿಂದ ನಾಲ್ಕು ತಿಂಗಳು ತುಂಬಿದ ಮರಿಗೆ ಹಾಕಿಸಬೇಕು. ಗಬ್ಬದ ಕುರಿಗೆ ಸೂಜಿ ಬೇಡವೆನ್ನುವವರುಂಟು. ಕಂದು ಹಾಕಿಸುವುದು ಬೇನೆ. ಕುರಿಯನ್ನು ಒರಟಾಗಿ ಎಳೆದಾಡದಿದ್ದರಾಯಿತು.

ಸುಗ್ಗಿ ಮುಗಿದು ಹಿಂಡುಗಳು ತುಂಗಭದ್ರೆಯ ಕಾಲುವೆ ಬಯಲಿಗೆ ಇಳಿಯುವ ಕಾಲದಲ್ಲಿ ಹತ್ತೂರ ಕುರಿಗಳು ಒಂದೇ ಕಟ್ಟೆಯಲ್ಲಿ ನೀರು ಕುಡಿಯುತ್ತವೆ. ಲಸಿಕೆ ಹಿಡಿಯಲು ಎರಡು ಮೂರು ವಾರ ಬೇಕಾದ್ದರಿಂದ ಹೊರಡುವ ತಿಂಗಳ ಮೊದಲೇ ಹಾಕಿಸಿ. ಸಂತೆಯಲ್ಲಿ ಕೊಂಡ ಕುರಿಯನ್ನು ಮೂರು ವಾರ ಬೇರೆ ರೊಪ್ಪದಲ್ಲಿ ಕಟ್ಟಿ.

ಊರ ಹಂದಿಗಳ ವಿಷಯವನ್ನೂ ಹೇಳಬೇಕು. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಈ ವೈರಾಣು ತಗಲಿದ ಹಂದಿಗಳಿಂದ ಜೊತೆಗಿದ್ದ ಆಡುಗಳಿಗೂ ಅದು ದಾಟಿತು. ಹಂದಿಗಳಿಗೆ ತಮ್ಮದೇ ಇನ್ನೊಂದು ಉಸಿರಾಟದ ಪಿಡುಗೂ ಇದೆ. ಪಿ.ಆರ್.ಆರ್.ಎಸ್. ಎಂಬ ಅದರ ವೈರಾಣು ಪುಪ್ಪುಸದ ಕಾವಲು ಕಣದಲ್ಲೇ ಮನೆ ಮಾಡುತ್ತದೆ. 2013ರಲ್ಲಿ ಮಿಜೋರಾಂನಲ್ಲಿ ಕಾಣಿಸಿತು. ಆ ಕಣದ ಕೊಂಡಿಯ ಒಂದು ತುಂಡನ್ನು ತೆಗೆದರೆ ವೈರಾಣು ಒಳಹೋಗದೆಂದು ಸ್ಕಾಟ್ಲೆಂಡಿನವರು 2017ರಲ್ಲಿ ಹಂದಿ ಕಣಗಳಲ್ಲಿ ತೋರಿಸಿಕೊಟ್ಟರು. ಕುರಿಗೆ ಅಂಥ ಉಪಾಯ ಬಂದಿಲ್ಲ, ಇರುವುದು ಲಸಿಕೆಯೇ. ಕುರಿ ರೊಪ್ಪದ ಹತ್ತಿರ ಹಂದಿ ಸುಳಿಯದಂತೆ ಬೇಲಿ ಹಾಕುವುದು ಒಳ್ಳೆಯದು.

ಬೇನೆ ಬಂದ ಮೇಲೆ ನಷ್ಟ ತಪ್ಪಿಸಲೆಂದು ಕುರಿಯನ್ನು ಸಂತೆಗೆ ಹೊಡೆದರೆ ಹತ್ತು ಹಳ್ಳಿಗೆ ಹಂಚಿದಂತೆ. ಸತ್ತದ್ದನ್ನು ಹಳ್ಳಕ್ಕೆ ಎಸೆಯದೆ ಆಳವಾಗಿ, ಸುಣ್ಣ ಹಾಕಿ ಹೂಳಿರಿ. ಮೊದಲ ಕುರಿ ಮೂಗು ಸುರಿಸಿದ ದಿನವೇ ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಿ. ಅಡವಿಯಲ್ಲಿದ್ದರೆ 1962ಕ್ಕೆ ಫೋನ್ ಮಾಡಿ.